ಹೂವಿನ ವರ್ತನೆಗೊಂದು ವೆಬ್ ಆ್ಯಪ್: ಹಟಮಾರಿ ಲೈಬ್ರರಿ ಜೊತೆ ಏಗುವ ಬಗೆ

ಸಬ್‌ಸ್ಕ್ರಿಪ್ಶನ್ ಅಂದರೆ ನಮ್ಮಜ್ಜಿಗೆ ವರ್ತನೆ. ವರ್ತನೆ ಹಾಲು, ವರ್ತನೆ ಹೂವು. ದಿನಾ ಬಾಗಿಲಿಗೆ ಬರಬೇಕು, ತಿಂಗಳಿಗೊಮ್ಮೆ ಲೆಕ್ಕ. ಗಾಂಧಿ ಬಜಾರಿನಲ್ಲಿ ನಾವು ಹೂವು ಕೊಳ್ಳುವ ಅಣ್ಣನಿಗೆ ಇದನ್ನೇ ಆನ್‌ಲೈನ್ ಮಾಡಿಕೊಟ್ಟೆ. ದಿನಕ್ಕೊಂದು ಪೊಟ್ಟಣ ಬಿಡಿ ಹೂವು, ತಿಂಗಳಿಗೆ 600 ರೂಪಾಯಿ.

ಮೊದಲ ಸಲ ಎಲ್ಲ ನಾನೇ ಬರೆದೆ. ಯೂಸರ್ಸ್ ಟೇಬಲ್ಲಿಗೆ ‘ದುಡ್ಡು ಬಂತು’ ಅಂತ ಒಂದು ಕಾಲಂ. ಪಾವತಿ ಮುಗಿದು ‘ಧನ್ಯವಾದ’ ಪುಟ ತೆರೆದಾಗ ಅದು 1 ಆಗುತ್ತಿತ್ತು. ಹನುಮಂತನಗರದ ಆಂಟಿಯೊಬ್ಬರು ಮೆಟ್ರೋದಲ್ಲಿ ಕೂತು ದುಡ್ಡು ಕಟ್ಟಿದರು. ಸಿಗ್ನಲ್ ಹೋಯಿತು, ಆ ಪುಟ ತೆರೆಯಲೇ ಇಲ್ಲ. ಮಾರನೇ ದಿನ ವರಮಹಾಲಕ್ಷ್ಮಿ ಹಬ್ಬ. ಬೆಳಗ್ಗೆ ಆರಕ್ಕೆ ಫೋನ್: “ದುಡ್ಡು ಕಟ್ಟಿದೀನಿ, ಹೂವು ಎಲ್ಲಪ್ಪಾ?”

ಅವತ್ತೇ ಅದನ್ನೆಲ್ಲ ಅಳಿಸಿ ಕ್ಯಾಷಿಯರ್ ಹಾಕಿದೆ. ನನ್ನ ಆ್ಯಪ್ ಇರುವುದು ಲಾರಾವೆಲ್‌ನಲ್ಲಿ, ಅಂದರೆ ಪಿಎಚ್‌ಪಿ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು. ಅದರ ತಂಡದವರೇ ಸಬ್‌ಸ್ಕ್ರಿಪ್ಶನ್ ಲೆಕ್ಕಕ್ಕೆ ಮಾಡಿರುವ ಲೈಬ್ರರಿ (ಸಿದ್ಧ ಕೋಡ್) ಇದು. ಆನ್‌ಲೈನ್‌ನಲ್ಲಿ ದುಡ್ಡು ವಸೂಲಿ ಮಾಡಿಕೊಡುವ ಕಂಪನಿಗಳಾದ ಸ್ಟ್ರೈಪ್‌ಗೆ ಒಂದು, ಪ್ಯಾಡಲ್‌ಗೆ ಒಂದು ಪ್ಯಾಕೇಜ್ ಇದೆ. ನಾನು ಹೇಳುತ್ತಿರುವುದು ಸ್ಟ್ರೈಪ್‌ನದು. ಒಂದು ವಿಷಯ ಮೊದಲೇ ಗೊತ್ತಿರಲಿ: 2024ರಿಂದ ಭಾರತದಲ್ಲಿ ಸ್ಟ್ರೈಪ್ ಹೊಸ ಖಾತೆಯನ್ನು ಆಹ್ವಾನ ಇದ್ದವರಿಗೆ ಮಾತ್ರ ಕೊಡುತ್ತಿದೆ. ನನ್ನದು ಹಳೇ ಖಾತೆ. ಇಲ್ಲದವರು ರೇಜರ್‌ಪೇ ಸಬ್‌ಸ್ಕ್ರಿಪ್ಶನ್ ಹಿಡಿಯಬಹುದು. ಆಗ ಕ್ಯಾಷಿಯರ್ ಮಾಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ, ಆದರೆ ಕೆಳಗಿನ ಬುದ್ಧಿ ಅಲ್ಲೂ ಬೇಕು.

ಕ್ಯಾಷಿಯರ್ ಹಳೇ ಮೆಸ್ಸಿನ ಭಟ್ಟರಿದ್ದ ಹಾಗೆ. ಅವರು ಏನು ಮಾಡಿರುತ್ತಾರೋ ಅದನ್ನೇ ಉಣ್ಣಬೇಕು. ಕಂಪೋಸರ್‌ನಿಂದ (ಪಿಎಚ್‌ಪಿ ಪ್ಯಾಕೇಜ್ ತರುವ ಸಾಧನ) ತಂದು, ಮೈಗ್ರೇಶನ್ (ಟೇಬಲ್ ಕಟ್ಟುವ ಕೋಡ್) ಪಬ್ಲಿಶ್ ಮಾಡಿ ಓಡಿಸಿ. ಸಬ್‌ಸ್ಕ್ರಿಪ್ಶನ್ಸ್ ಟೇಬಲ್ ತಾನೇ ಬರುತ್ತದೆ. ಯೂಸರ್ಸ್ ಟೇಬಲ್ಲಿಗೆ ಸ್ಟ್ರೈಪ್ ಐಡಿ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಟ್ರಯಲ್ ಮುಗಿಯುವ ದಿನ ಸೇರುತ್ತವೆ. ಯೂಸರ್ ಮಾಡೆಲ್‌ಗೆ ‘ಬಿಲ್ಲಬಲ್’ ಟ್ರೇಟ್ (ಜೋಡಿಸಿಕೊಳ್ಳುವ ಸಿದ್ಧ ಕೋಡಿನ ತುಣುಕು) ಹಾಕಿ, ಸ್ಟ್ರೈಪ್ ಕೊಟ್ಟ ಕೀಗಳನ್ನು .env ಫೈಲಿನಲ್ಲಿಡಿ. ಹೆಸರು ಚೆನ್ನಾಗಿಲ್ಲ ಅಂತ ಕಾಲಂ ಬದಲಾಯಿಸಲು ಹೋಗಬೇಡಿ. ಕೋಡಿನಿಂದ ಸ್ಟ್ರೈಪ್‌ಗೆ ಬೆಲೆ ಹೇಳುವಾಗ ಪೈಸೆಯಲ್ಲಿ ಕೊಡಬೇಕು, 600 ಅಲ್ಲ, 60000.

ಇನ್ನು ವೆಬ್‌ಹುಕ್. ದುಡ್ಡಿನ ವಿಷಯದಲ್ಲಿ ಬ್ರೌಸರಿನ ಮಾತು ನಂಬಲೇಬಾರದು. ದುಡ್ಡು ಬಂತು, ಬರಲಿಲ್ಲ, ವರ್ತನೆ ನಿಂತಿತು ಅಂತ ಸ್ಟ್ರೈಪ್ ತಾನಾಗಿ ನಿಮ್ಮ ಸರ್ವರ್‌ನ ‘ಸ್ಟ್ರೈಪ್/ವೆಬ್‌ಹುಕ್’ ದಾರಿಗೆ ಸುದ್ದಿ ಕಳಿಸುತ್ತದೆ. ಕ್ಯಾಷಿಯರ್ ಅದನ್ನು ಓದಿ ಟೇಬಲ್ ತಿದ್ದುತ್ತದೆ. ಆ ದಾರಿಗೆ ಸಿಎಸ್‌ಆರ್‌ಎಫ್ ತಪಾಸಣೆಯಿಂದ (ಬೇರೆ ಸೈಟಿನ ನಕಲಿ ಕೋರಿಕೆ ತಡೆಯುವ ಕಾವಲು) ವಿನಾಯಿತಿ ಕೊಡಿ, ಸುದ್ದಿ ಸ್ಟ್ರೈಪ್‌ನದೇ ಅಂತ ಪರೀಕ್ಷಿಸುವ ವೆಬ್‌ಹುಕ್ ಸೀಕ್ರೆಟ್ ಮಾತ್ರ ಮರೆಯದೆ ಹಾಕಿ. ಒಂದೇ ಸುದ್ದಿ ಎರಡು ಸಲ ಬರುವುದೂ ಉಂಟು. ಹಾಗಾಗಿ ‘ಹೊಸ ಮನೆ ಸೇರಿತು’ ಅನ್ನುವ ಮೆಸೇಜ್ ಅಣ್ಣನಿಗೆ ಎರಡು ಸಲ ಹೋಗದಂತೆ ನೋಡಿಕೊಳ್ಳಿ.

ಸಬ್‌ಸ್ಕ್ರಿಪ್ಶನ್ ಟೇಬಲ್ಲನ್ನು ಕೈಯಲ್ಲಿ ತಿದ್ದಬೇಡಿ. ನಾನು ತಿದ್ದಿದ್ದೆ. ಒಬ್ಬರು ಬೇಡ ಅಂದರು ಅಂತ ಸಾಲನ್ನೇ ಅಳಿಸಿದೆ. ನಮ್ಮ ಕಡೆ ಹೂವು ನಿಂತಿತು, ಸ್ಟ್ರೈಪ್ ಮಾತ್ರ ತಿಂಗಳಾಗುತ್ತಲೇ 600 ಕಿತ್ತುಕೊಂಡಿತು. ‘ಕ್ಯಾನ್ಸಲ್’ ಮೆಥಡ್ ಕರೆದಿದ್ದರೆ ಎರಡೂ ಕಡೆ ಸರಿಹೋಗುತ್ತಿತ್ತು. ಅದು ವರ್ತನೆಯನ್ನು ಆ ಕ್ಷಣಕ್ಕೇ ನಿಲ್ಲಿಸುವುದಿಲ್ಲ. ಕಟ್ಟಿದ ದುಡ್ಡು ಮುಗಿಯುವ ದಿನದವರೆಗೆ ಹೂವು ಹೋಗುತ್ತದೆ, ಅಷ್ಟರಲ್ಲಿ ಮನಸ್ಸು ಬದಲಾದರೆ ‘ರೆಸ್ಯೂಮ್’ ಇದೆ.

ಲೈಬ್ರರಿಯ ಒಂದು ಹಟವನ್ನು ಮಾತ್ರ ನಾನು ಒಪ್ಪಲಿಲ್ಲ. ತಿಂಗಳಾದಾಗ ಕಾರ್ಡಿನಿಂದ ದುಡ್ಡು ಬರದಿದ್ದರೆ ಕ್ಯಾಷಿಯರ್ ಆ ಗಿರಾಕಿಯನ್ನು ತಕ್ಷಣ ಹೊರಗೆ ಹಾಕುತ್ತದೆ. ಅಣ್ಣ ನಕ್ಕ. “ಎರಡು ದಿನ ಲೇಟಾದ್ರೆ ಹೂವು ನಿಲ್ಲಿಸ್ತಾರಾ ಯಾರಾದ್ರೂ?” ಅಲ್ವಾ? ಆ್ಯಪ್ ಸರ್ವಿಸ್ ಪ್ರೊವೈಡರ್‌ನ (ಆ್ಯಪ್ ಶುರುವಾಗುವಾಗ ಓಡುವ ಲಾರಾವೆಲ್ ಫೈಲು) ರಿಜಿಸ್ಟರ್ ಮೆಥಡ್‌ನಲ್ಲಿ ‘ಕೀಪ್ ಪಾಸ್ಟ್ ಡ್ಯೂ ಸಬ್‌ಸ್ಕ್ರಿಪ್ಶನ್ಸ್ ಆಕ್ಟಿವ್’ ಅನ್ನುವ ಒಂದು ಸಾಲು ಕರೆದರೆ ಸಾಕು, ಬಾಕಿ ಇದ್ದವರೂ ಗಿರಾಕಿಗಳೇ. ನಮ್ಮಲ್ಲಿ ಇದು ಜಾಸ್ತಿ ಬೇಕು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಬಿಗಿಯಾಗಿದೆ. ಕಾರ್ಡಿನಿಂದ ತಾನಾಗಿ ದುಡ್ಡು ಎಳೆಯುವ ಮುಂಚೆ ಕನಿಷ್ಠ 24 ಗಂಟೆ ಮೊದಲು ಗಿರಾಕಿಗೆ ತಿಳಿಸಬೇಕು, ಅವರು ಬೇಡ ಅನ್ನಲೂಬಹುದು.

“ಊರಿಗೆ ಹೋಗ್ತಿದೀವಿ, ಹತ್ತು ದಿನ ಬೇಡ” ಅಂದರೆ? ಇದು ಲೈಬ್ರರಿಗೆ ಗೊತ್ತೇ ಇಲ್ಲದ ವಿಷಯ. ಅದನ್ನು ಬಗ್ಗಿಸಲು ಎರಡು ವಾರ ಸುಮ್ನೆ ಕಳೆದೆ. ಆಮೇಲೆ ‘ರಜೆ’ ಅಂತ ನನ್ನದೇ ಬೇರೆ ಟೇಬಲ್ ಮಾಡಿದೆ. ದುಡ್ಡು ಕ್ಯಾಷಿಯರ್‌ನದು, ಹೂವು ನನ್ನದು. ಹತ್ತು ದಿನದ 200 ರೂಪಾಯಿಯನ್ನು ‘ಕ್ರೆಡಿಟ್ ಬ್ಯಾಲೆನ್ಸ್’ ಮೆಥಡ್‌ನಿಂದ 20000 ಪೈಸೆ ಅಂತ ಜಮಾ ಮಾಡಿದರೆ ಮುಂದಿನ ಬಿಲ್ಲಿನಲ್ಲಿ ತಾನೇ ಕಳೆಯುತ್ತದೆ.

ಪರೀಕ್ಷೆಗೆ ಸ್ಟ್ರೈಪ್ ಕೊಡುವ ಸುಳ್ಳು ಕಾರ್ಡ್ ನಂಬರುಗಳಲ್ಲಿ 4242 ಎಲ್ಲರೂ ಹಾಕುತ್ತಾರೆ. ಅದು ಯಾವಾಗಲೂ ಪಾಸು. ನೀವು 4000 0000 0000 0341 ಹಾಕಿ ನೋಡಿ. ಅದನ್ನು ಖಾತೆಗೆ ಸೇರಿಸಬಹುದು, ದುಡ್ಡು ಎಳೆಯಲು ಹೋದಾಗ ಕೈಕೊಡುತ್ತದೆ. ತಿಂಗಳು ಕಾಯಬೇಕಿಲ್ಲ, ಸ್ಟ್ರೈಪ್‌ನ ಟೆಸ್ಟ್ ಕ್ಲಾಕ್‌ನಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸಬಹುದು.

ಇಷ್ಟೆಲ್ಲ ಆದಮೇಲೂ ಅಣ್ಣ ತನ್ನ ನೋಟ್‌ಬುಕ್ಕಿನಲ್ಲಿ ಗೀಟು ಹಾಕುವುದು ಬಿಟ್ಟಿಲ್ಲ. ಒಂದು ಸಲ ಎರಡು ಲೆಕ್ಕ ತಾಳೆಯಾಗಲಿಲ್ಲ. ರಜೆ ಹತ್ತನೇ ತಾರೀಕಿನಿಂದ, ಆದರೆ ಹತ್ತರಂದೂ ಬೀಗ ಹಾಕಿದ ಬಾಗಿಲಿಗೆ ಪೊಟ್ಟಣ ಹೋಗಿತ್ತು. ಹುಡುಕಿದರೆ ನನ್ನದೇ ತಪ್ಪು. ಹೂವಿನ ಪಟ್ಟಿ ಬೆಳಗ್ಗೆ ನಾಲ್ಕೂವರೆಗೆ ತಯಾರಾಗುತ್ತದೆ. ಲಾರಾವೆಲ್‌ನ ಗಡಿಯಾರ ನಾವು ಹೇಳದೇ ಇದ್ದರೆ ಯುಟಿಸಿ (ವಿಶ್ವ ಕಾಲಮಾನ), ನಮಗಿಂತ ಐದೂವರೆ ಗಂಟೆ ಹಿಂದೆ. ಅದಕ್ಕೆ ಇನ್ನೂ ಒಂಬತ್ತನೇ ತಾರೀಕು. ಈಗ ಪಟ್ಟಿಯ ತಾರೀಕನ್ನು ಮಾತ್ರ ‘ಏಷ್ಯಾ/ಕೋಲ್ಕತ್ತಾ’ ಕೊಟ್ಟು ತೆಗೆಯುತ್ತೇನೆ. ಕ್ಯಾಷಿಯರ್‌ನ ತಾರೀಕುಗಳಿಗೆ ಕೈ ಹಚ್ಚಿಲ್ಲ.