ನೆರಳು ನೋಡಿ, ಆಮೇಲೆ ಫೋಟೊ ತೆಗೆಯಿರಿ

ಕೋಲಾರದ ಸೋಮೇಶ್ವರ ದೇವಸ್ಥಾನದ ಫೋಟೊ ತೆಗೆಯಲು ನಾನು ಮೊದಲ ಸಲ ಹೋದದ್ದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ. ನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಗೋಪುರ ಬಿಳಿಚಿಕೊಂಡಿತ್ತು, ಮಂಟಪದೊಳಗೆಲ್ಲ ಕತ್ತಲು. ಒಂದೂ ಇಟ್ಟುಕೊಳ್ಳುವಂತಿರಲಿಲ್ಲ. ತಪ್ಪು ಮೊಬೈಲಿನದಲ್ಲ, ಹೋದ ಹೊತ್ತಿನದು.

ಹಾಗಾಗಿ ಮೊದಲ ಕೆಲಸ, ಫೋಟೊ ತೆಗೆಯದೆ ಊರೊಳಗೆ ಒಂದು ಸುತ್ತು ಹಾಕುವುದು. ಸೋಮೇಶ್ವರ, ಕೋಲಾರಮ್ಮ, ಕ್ಲಾಕ್ ಟವರ್, ನಿಮ್ಮ ಬಡಾವಣೆಯ ಉದ್ಯಾನ, ವೃತ್ತದ ಪ್ರತಿಮೆ: ಯಾವುದರ ಮುಖ ಯಾವ ದಿಕ್ಕಿಗಿದೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಪೂರ್ವಕ್ಕೆ ಮುಖ ಮಾಡಿದ್ದನ್ನು ಬೆಳಗ್ಗೆ, ಪಶ್ಚಿಮಕ್ಕೆ ಮಾಡಿದ್ದನ್ನು ಸಂಜೆ ತೆಗೆಯಬೇಕು. ದಕ್ಷಿಣದ ಗೋಡೆಗೆ ಚಳಿಗಾಲವಿಡೀ ಬಿಸಿಲುಂಟು. ಪೇಚಿರುವುದು ಉತ್ತರದ ಗೋಡೆಯದು. ಕೋಲಾರವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಧ್ಯಾಹ್ನದ ಸೂರ್ಯ ಏಪ್ರಿಲ್ ಕೊನೆಯ ವಾರ ನೆತ್ತಿಗೆ ಬಂದು, ಆಗಸ್ಟ್ ಮಧ್ಯದವರೆಗೆ ಉತ್ತರಕ್ಕೆ ವಾಲಿಕೊಂಡಿರುತ್ತಾನೆ. ಉತ್ತರದ ಕೆತ್ತನೆಗಳಿಗೆ ಬಿಸಿಲು ಬೇಕಿದ್ದರೆ ಆ ತಿಂಗಳುಗಳಿಗೆ ಕಾಯಿರಿ.

ಕಲ್ಲಿಗೆ ಎದುರು ಬೆಳಕು ಆಗಿಬರುವುದಿಲ್ಲ. ಪಕ್ಕದಿಂದ ಸವರಿಕೊಂಡು ಹೋಗುವ ಓರೆ ಬೆಳಕು ಬೇಕು. ಸೋಮೇಶ್ವರದ ಕಲ್ಯಾಣ ಮಂಟಪದ ಕಂಬಗಳ ಕೆತ್ತನೆ ಮಧ್ಯಾಹ್ನ ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ವಾರೆಯಾದಾಗ ಉಬ್ಬುತಗ್ಗುಗಳು ಒಂದೊಂದಾಗಿ ಎದ್ದು ಬರುತ್ತವೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಸವೆದ ಅಕ್ಷರಗಳ ಮುಂದೆ ನಿಂತು ಫ್ಲಾಶ್ ಹಾಕಿದರೆ ಬರೀ ಬೂದು ಕಲ್ಲು ಸಿಗುತ್ತದೆ. ಜೊತೆಗಿರುವವರ ಕೈಗೆ ಇನ್ನೊಂದು ಮೊಬೈಲು ಕೊಟ್ಟು, ಅದರ ಟಾರ್ಚನ್ನು ಗೋಡೆಗೆ ಹೆಚ್ಚುಕಡಿಮೆ ತಾಗುವಂತೆ ಪಕ್ಕದಿಂದ ಹಿಡಿಯಲು ಹೇಳಿ. ಪ್ರತಿ ಗೀರಿನಲ್ಲೂ ನೆರಳು ತುಂಬಿ ಅಕ್ಷರಗಳು ಕಣ್ಣಿಗೆ ಬೀಳುತ್ತವೆ. ನನಗಂತೂ ಗೋಪುರಕ್ಕಿಂತ ಈ ಚಿತ್ರಗಳೇ ಹೆಚ್ಚು ಇಷ್ಟ.

ಎರಡೂ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು, ಡ್ರೋನಿನ ಆಸೆಯನ್ನು ಬಿಟ್ಟೇಬಿಡಿ. ಕೈ ನಡುಗುತ್ತಿದ್ದರೆ ಭುಜವನ್ನು ಗೋಡೆಗೆ ಆನಿಸಿ, ಉಸಿರು ಬಿಟ್ಟು ಕ್ಲಿಕ್ಕಿಸಿ. ಗರ್ಭಗುಡಿಯತ್ತ ಮೊಬೈಲು ಎತ್ತಬೇಡಿ. ಕೋಲಾರಮ್ಮನ ಗುಡಿಯೊಳಗಿನ ಚೇಳಮ್ಮನ ಸನ್ನಿಧಿಯಲ್ಲೂ ಅರ್ಚಕರನ್ನು ಕೇಳದೆ ಫೋಟೊ ಬೇಡ.

ಕ್ಲಾಕ್ ಟವರ್‌ನಂಥ ಎತ್ತರದ ಕಟ್ಟಡದ ಬುಡದಲ್ಲಿ ನಿಂತು ಮೊಬೈಲು ಮೇಲೆತ್ತಿದರೆ ಅದು ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ರಸ್ತೆಯಲ್ಲಿ ಹಿಂದೆ ಸರಿದು, ಎರಡು ಪಟ್ಟು ಜೂಮ್ ಇಟ್ಟು, ಮೊಬೈಲನ್ನು ನೆಟ್ಟಗೆ ಹಿಡಿಯಿರಿ. ಸೂರ್ಯ ಮುಳುಗಿದ ಮೇಲಿನ ಕಾಲು ಗಂಟೆ ಇಲ್ಲಿಗೆ ಹೇಳಿಮಾಡಿಸಿದ್ದು: ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ, ಅಂಗಡಿಗಳ ದೀಪ ಹತ್ತಿರುತ್ತದೆ.

ವೃತ್ತದ ಪ್ರತಿಮೆಗಳು ಬೆಳ್ಳಗಿನ ಆಕಾಶದ ಎದುರು ಬರೀ ಕಪ್ಪು ಆಕೃತಿಗಳಾಗಿಬಿಡುತ್ತವೆ. ಪರದೆಯ ಮೇಲೆ ಪ್ರತಿಮೆಯ ಮುಖವನ್ನು ಮುಟ್ಟಿ, ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಜಯಂತಿಯ ದಿನ ಎಲ್ಲರೂ ತೆಗೆಯುತ್ತಾರೆ. ನಾನು ಹೋಗುವುದು ಮಾರನೆಯ ದಿನ, ಹಾರ ಬಾಡಿದ ಮೇಲೆ.

ಸಾರ್ವಜನಿಕ ಸ್ಥಳದಲ್ಲಿ ಕಾಯಂ ಆಗಿರುವ ಶಿಲ್ಪದ ಫೋಟೊ ತೆಗೆದು ಪ್ರಕಟಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದರಲ್ಲಿ ಗೋಡೆಯ ಮೇಲಿನ ಚಿತ್ರದ ಹೆಸರಿಲ್ಲ. ಅಂಥ ಫೋಟೊವನ್ನು ಕ್ಯಾಲೆಂಡರಿಗೋ ಜಾಹೀರಾತಿಗೋ ಬಳಸುವುದಾದರೆ ಬರೆದ ಕಲಾವಿದರನ್ನು ಕೇಳಿ.

ಉದ್ಯಾನಕ್ಕೆ ಮೋಡದ ದಿನ ಒಳ್ಳೆಯದು. ಬಿಸಿಲಿದ್ದರೆ ಮರದ ಕೆಳಗೆಲ್ಲ ಚುಕ್ಕೆಚುಕ್ಕೆ. ಆಕಾಶವನ್ನು ಚೌಕಟ್ಟಿನಿಂದ ಆಚೆ ಬಿಡಿ. ಮಕ್ಕಳ ಚಿತ್ರಕ್ಕೆ ಹೆತ್ತವರ ಒಪ್ಪಿಗೆ ಪಡೆಯಿರಿ.

ಕೊನೆಗೆ ಶತಶೃಂಗ ಬೆಟ್ಟದ ಅಂತರಗಂಗೆ. ಬಸವನ ಬಾಯಿಂದ ಬೀಳುವ ನೀರಿಗೆ ಎದುರು ನಿಲ್ಲದೆ, ನೀರಿನ ಹಿಂದೆ ಕತ್ತಲು ಕಾಣುವ ಕಡೆಯಿಂದ ಹಿಡಿಯಿರಿ; ನೀರಿನ ಎಳೆ ಬೆಳ್ಳಗೆ ಬಿಡಿಬಿಡಿಯಾಗಿ ಕಾಣುತ್ತದೆ. ಇಷ್ಟು ಹೇಳುವ ನಾನು ಅಲ್ಲಿ ಮೊದಲ ಸಲ ತೆಗೆದದ್ದು ಒಂದೇ ಚಿತ್ರ. ಅಷ್ಟರಲ್ಲಿ ಚೀಲ ಕೋತಿಯ ಕೈಯಲ್ಲಿತ್ತು. ಮೊಬೈಲಿನ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಿ, ಕಡಲೆಕಾಯಿ ಪೊಟ್ಟಣವನ್ನು ಕೆಳಗೇ ಮುಗಿಸಿ ಮೆಟ್ಟಿಲು ಹತ್ತಿ.