ಮಾತ್ರೆ ಟೈಮಿಗೆ ಕತ್ತರಿ: ಪಾರ್ಕಿನ್ಸನ್ಸ್ ಬಂದ್ಮೇಲೂ ಟೈಲರಿಂಗ್ ಬಿಡದ ನನ್ನ ಅನುಭವ

ಅಂಗಡಿ ಮುಚ್ಚಿಬಿಡು ಅಂತ ಮನೇಲಿ ಎಲ್ರೂ ಹೇಳಿ ಎರಡು ವರ್ಷ ಆಯ್ತು. ಈ ಸಲ ವರಮಹಾಲಕ್ಷ್ಮಿ ಹಬ್ಬದ ತಿಂಗಳಲ್ಲಿ ಅರವತ್ತರ ಮೇಲೆ ಬ್ಲೌಸ್ ಕೊಟ್ಟಿದೀನಿ, ಬಹುಪಾಲು ಲೈನಿಂಗ್ ಇರೋವೇ, ಒಂದೂ ವಾಪಸ್ ಬಂದಿಲ್ಲ. ಅದಕ್ಕೇ ಧೈರ್ಯ ಮಾಡಿ ಬರೀತಿದೀನಿ, ನಲವತ್ತರ ಆಸುಪಾಸಲ್ಲೇ ಪಾರ್ಕಿನ್ಸನ್ಸ್ ಅಂತ ಕೇಳಿಸ್ಕೊಂಡು ಕೈ ಕೆಲಸಾನೇ ನಂಬ್ಕೊಂಡಿರೋರಿಗೆ. ಇದು ಮಿದುಳಿನ ಕಾಯಿಲೆ, ಕೈಕಾಲು ಬಿಗಿಯಾಗಿ ನಿಧಾನ ಆಗುತ್ತೆ, ಕೆಲವರಿಗೆ ನಡುಕಾನೂ ಬರುತ್ತೆ. ಸಿಂಡೋಪಾ ಅಂದ್ರೆ ಇದಕ್ಕೆ ಕೊಡೋ ಲೆವೊಡೋಪಾ ಮಾತ್ರೆ, ಅದು ಕೆಲಸ ಮಾಡೋ ಹೊತ್ತು ಆನ್, ಅದರ ಬಲ ಇಳಿದ ಹೊತ್ತು ಆಫ್, ಇದಕ್ಕಿಂತ ಹೆಚ್ಚು ವಿವರಿಸಲ್ಲ.

ನಂಗೆ ಶುರುವಾಗಿದ್ದು ಭುಜದಿಂದ. ಬಲಗೈ ಮೇಲೆತ್ತಕ್ಕೆ ಆಗ್ತಿರ್ಲಿಲ್ಲ, ಮೆಷಿನ್ ಮುಂದೆ ಕೂತು ಕೂತು ಫ್ರೋಜನ್ ಶೋಲ್ಡರ್ ಆಗಿದೆ ಅಂದ್ರು. ಎಂಟು ತಿಂಗಳು ಫಿಸಿಯೋಥೆರಪಿ, ಒಂದು ಇಂಜೆಕ್ಷನ್, ಭುಜದ ಎಂಆರ್‌ಐ, ಎಲ್ಲ ಸೇರಿ ನಲವತ್ತೈದು ಸಾವಿರದ ಹತ್ರ ಹೋಯ್ತು. ನಡುಕ ಆಗ ಇರ್ಲೇ ಇಲ್ಲ, ಹಾಗಾಗಿ ಯಾರಿಗೂ ಹೊಳೀಲಿಲ್ಲ. ಕೊನೆಗೆ ತುಮಕೂರಿಂದ ಬೆಳಗಿನ ಟ್ರೇನ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಹೋದಾಗ ಡಾಕ್ಟ್ರು ಬೆರಳು ತಟ್ಟಿಸಿ, ಬರೆಸಿ, ಕಾರಿಡಾರಲ್ಲಿ ನಡೆಸಿ ನೋಡಿ, "ಬಲಗೈ ಬೀಸ್ತಾನೇ ಇಲ್ವಲ್ಲಮ್ಮ ನೀವು" ಅಂದ್ರು. ಭುಜದ್ದಲ್ಲ, ಪಾರ್ಕಿನ್ಸನ್ಸ್ ಅಂತ ಆಗ ಗೊತ್ತಾಯ್ತು. ಅಕ್ಷರ ಚಿಕ್ಕದಾಗೋದೂ ಇದರ ಲಕ್ಷಣವೇ ಅಂತೆ.

ಮನೆಗೆ ಬಂದು ಹಳೇ ಅಳತೆ ಪುಸ್ತಕ ಎಲ್ಲ ಹರಡ್ಕೊಂಡು ಕೂತೆ. ಮೂರು ವರ್ಷದ ಹಿಂದಿನ ಪುಸ್ತಕದಲ್ಲಿ ಒಂದು ಪುಟಕ್ಕೆ ಮೂರು ಜನರ ಅಳತೆ, ಅಕ್ಷರ ದುಂಡಗಿದೆ. ಆಮೇಲಿಂದು ಪುಟಕ್ಕೆ ಐದು ಜನ. ಕೊನೇ ಪುಸ್ತಕದಲ್ಲಿ ಏಳು ಜನ, ಸಾಲಿನ ತುದಿಗೆ ಹೋಗ್ತಾ ಹೋಗ್ತಾ ಅಂಕಿ ಸಾಸಿವೆ ಕಾಳಾಗಿದೆ. ನನ್ ಹತ್ರ ಕೆಲಸಕ್ಕಿದ್ದ ಹುಡುಗಿ 36 ಇದ್ದಿದ್ದನ್ನ 30 ಅಂತ ಓದಿ ಒಂದು ಬ್ಲೌಸ್ ಹಾಳು ಮಾಡಿದ್ಲು, ಅವಳನ್ನ ಬೈದಿದ್ದೆ. ತಪ್ಪು ಅವಳದಾಗಿರ್ಲಿಲ್ಲ. ಅವತ್ತು ರಾತ್ರಿ ತುಂಬಾ ಅತ್ತೆ, ಬೆಳಿಗ್ಗೆ ಅವಳಿಗೆ ಫೋನ್ ಮಾಡಿ ಹೇಳ್ದೆ.

ಮೊದಲ ಆರು ತಿಂಗಳು ಬರೀ ನಷ್ಟ. ಕತ್ತರಿ ಭಾರ ಅಂತ ಕರೆಂಟಿನ ಕಟರ್ ತಗೊಂಡೆ, 2,800 ಇರ್ಬೇಕು. ಅದರ ಅದುರು ನನ್ ಕೈಗೆ ಆಗಿಬರಲಿಲ್ಲ, ಮೈಸೂರು ಸಿಲ್ಕ್ ಪೀಸ್ ಒಂದು ಕುತ್ತಿಗೆ ಹತ್ರ ಹೋಗೇಬಿಡ್ತು, 1,400 ಕಟ್ಟಿಕೊಟ್ಟೆ. ಮಣಿಕಟ್ಟಿಗೆ ತೂಕದ ಪಟ್ಟಿ ಕಟ್ಕೊಂಡು ನೋಡ್ದೆ, ಭುಜ ನೋವು ಬಂದಿದ್ದಷ್ಟೇ ಲಾಭ. ನಮ್ಮತ್ತೆ ಯಾರೋ ಹೇಳಿದ್ರು ಅಂತ ನಸುಗುನ್ನಿ ಪುಡಿ ತರಿಸಿದ್ರು, ಆರು ವಾರ ಮಾತ್ರೆ ಜೊತೆಗೇ ತಗೊಂಡೆ. ಒಂದಿನ ಹಗುರ, ಒಂದಿನ ವಾಂತಿ, ತಲೆಸುತ್ತು. ಡಾಕ್ಟ್ರಿಗೆ ಹೇಳಿದಾಗ ಅವರು ಬೈಲಿಲ್ಲ, ಮಾತ್ರೇಲಿರೋ ಲೆವೊಡೋಪಾನೇ ಅದರಲ್ಲೂ ಇದೆ, ಆದ್ರೆ ಚಮಚಕ್ಕೆ ಎಷ್ಟು ಅಂತ ಲೆಕ್ಕ ಸಿಗಲ್ಲ, ಎರಡೂ ಒಟ್ಟಿಗೆ ಬೇಡ ಅಂದ್ರು. ನಿಲ್ಲಿಸ್ದೆ.

ಇನ್ನೊಂದು ಹೇಳಲೇಬೇಕು, ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಪಾರ್ಕಿನ್ಸನ್ಸ್‌ಗೇ ಕೊಡೋ ಇನ್ನೊಂದು ಮಾತ್ರೆ ಪ್ರಮಿಪೆಕ್ಸೋಲ್ ಶುರು ಮಾಡಿದ ಮೇಲೆ ರಾತ್ರಿ ಎರಡು ಗಂಟೆಗೆ ಎದ್ದು ಫೋನಲ್ಲಿ ಲೇಸು, ಮಣಿ, ಬಾರ್ಡರ್ ಬುಕ್ ಮಾಡ್ತಿದ್ದೆ, ಎರಡು ತಿಂಗಳಲ್ಲಿ ಇಪ್ಪತ್ತೆರಡು ಸಾವಿರ. ನಮ್ಮನೆಯವ್ರು ಜಗಳ ಆಡಿದ್ರು, ನಂಗೇ ಯಾಕೆ ಅಂತ ಗೊತ್ತಿರ್ಲಿಲ್ಲ. ಈ ಮಾತ್ರೆ ಕೆಲವರಿಗೆ ಹಾಗೆ ಮಾಡುತ್ತಂತೆ. ಡಾಕ್ಟ್ರು ಡೋಸ್ ನಿಧಾನಕ್ಕೆ ಇಳಿಸಿದ್ರು, ಚಟ ತಾನಾಗೇ ಹೋಯ್ತು. ನಿಮ್ಮ ಮನೆಯವ್ರಿಗೆ ಮೊದಲೇ ಹೇಳಿಡಿ.

ಕೊನೆಗೆ ಕೈ ಹಿಡಿದಿದ್ದು ಒಂದು ನೋಟ್‌ಬುಕ್. ಪ್ರತಿ ಅರ್ಧ ಗಂಟೆಗೆ ಕೈ ಚೆನ್ನಾಗಿದ್ರೆ ಸೊನ್ನೆ, ಕೆಟ್ಟಿದ್ರೆ ಇಂಟು, ಪಕ್ಕದಲ್ಲಿ ಏನು ತಿಂದೆ ಅಂತ. ಮೂರು ವಾರ ಬರೆದೆ. ಇದೆಂಥ ಹುಚ್ಚು ಅಂದ್ರು ಮನೇಲಿ. ಆದ್ರೆ ನೋಡಿದ್ರೆ, ಮಧ್ಯಾಹ್ನ ಕಾಳು ಸಾರು, ಮೊಸರು, ಮೊಟ್ಟೆ ತಿಂದ ದಿನಾನೇ ಇಂಟು ಸಾಲಾಗಿ ಬಿದ್ದಿದೆ, ಎರಡರಿಂದ ಐದರವರೆಗೆ. ಆ ಪುಸ್ತಕ ಡಾಕ್ಟ್ರ ಮುಂದೆ ಇಟ್ಟೆ. ದಿನಕ್ಕೆ ಮೂರು ಸಲ ಇದ್ದ ಮಾತ್ರೆನ ಅವರೇ ನಾಲ್ಕು ಮಾಡಿ ಹಂಚಿದ್ರು, ಬೆಳಿಗ್ಗೆ 7, 11, 3, ರಾತ್ರಿ 7. ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ, ಬರೀ ನೀರಲ್ಲಿ. ಹಗಲು ಅವಲಕ್ಕಿ, ಅಕ್ಕಿ ರೊಟ್ಟಿ, ಮುದ್ದೆಗೆ ಸೊಪ್ಪಿನ ಸಾರು. ಕಾಳು, ಮೊಟ್ಟೆ, ಮೊಸರಲ್ಲಿರೋ ಪ್ರೊಟೀನ್ ಲೆವೊಡೋಪಾಗೆ ಅಡ್ಡ ಬರುತ್ತೆ, ಅದಕ್ಕೇ ಅವೆಲ್ಲ ರಾತ್ರಿಗೆ. ಕಬ್ಬಿಣದ ಮಾತ್ರೇನೂ ಹಾಗೇ ಅಡ್ಡ ಬರುತ್ತೆ ಅಂತ ದೂರದ ಟೈಮಿಗೆ ಹಾಕಿಸ್ಕೊಂಡೆ. ನೀವು ಮಾತ್ರೆ ಟೈಮು ನೀವೇ ಬದಲಾಯಿಸ್ಬೇಡಿ, ಪುಸ್ತಕ ತೋರಿಸಿ ಮಾಡಿಸ್ಕೊಳಿ.

ಈಗ ಕಟಿಂಗ್ ಎಲ್ಲ ಎಂಟರಿಂದ ಹತ್ತೂವರೆ ಒಳಗೆ, ಹಳೇ ಕತ್ತರೀಲೇ, ಒಂದೊಂದೇ ಪದರ. ಹೊಲಿಗೆ ಮಧ್ಯಾಹ್ನ ಹನ್ನೆರಡರ ಮೇಲೆ. ಕೈ ಎಳೀತಿರೋ ಹೊತ್ತಲ್ಲಿ ಗಿರಾಕಿ ಜೊತೆ ಮಾತು, ಅಳತೆ, ಇಸ್ತ್ರಿ. ಮೋಟಾರಿನ ಪೆಡಲ್ ಎಡಗಾಲಿಗೆ ಬದಲಾಯಿಸ್ದೆ, ರೂಢಿಯಾಗೋಕೆ ಮೂರು ವಾರ ಹಿಡೀತು, ಹಳೇ ಬಟ್ಟೆ ಮೇಲೆ ಬರೀ ನೆಟ್ಟಗೆ ಹೊಲೀತಿದ್ದೆ.

ಹೆಮ್ಮಿಂಗ್ ವಿಷಯದಲ್ಲಿ ನಂಗೆ ಹೆಮ್ಮೆ ಇದೆ. ಅಕ್ಷರ ಚಿಕ್ಕದಾದ ಹಾಗೇ ಹೊಲಿಗೇನೂ ಹೋಗ್ತಾ ಹೋಗ್ತಾ ಚಿಕ್ಕದಾಗಿ ದಾರ ಗಂಟು ಬೀಳ್ತಿತ್ತು. ಅರ್ಧ ಸೆಂಟಿಮೀಟರಿಗೆ ಒಂದು ಚಾಕ್ ಚುಕ್ಕಿ ಇಡ್ತಾ ಬಂದೆ, ಕಣ್ಣು ಚುಕ್ಕಿ ಮೇಲೆ, ಸೂಜಿ ಅಲ್ಲಿಗೇ ಹೋಗುತ್ತೆ, ಹೊಲಿಗೆ ಕುಗ್ಗಲ್ಲ. ಜೊತೆಗೆ ಫೋನಲ್ಲಿ ಮೆಟ್ರೊನೋಮ್, ಅಂದ್ರೆ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನೋದು, ಹಾಕಿ ಟಿಕ್ಕಿಗೊಂದು ಹೊಲಿಗೆ. ಅದರ ವೇಗ ಎಷ್ಟಿಡ್ತೀನಿ, ಸೂಜಿಗೆ ದಾರ ಹೇಗೆ ಪೋಣಿಸ್ತೀನಿ ಅನ್ನೋದು ಇಲ್ಲಿ ಬರಿಯಲ್ಲ, ಅದು ನನ್ ಹತ್ರ ಕಲಿಯೋಕೆ ಬರೋರಿಗೆ. ಅಳತೆ ಬರೆಯೋಕೆ ಮಕ್ಕಳ ನಾಲ್ಕು ಗೆರೆ ಕಾಪಿ ಪುಸ್ತಕ ಇಟ್ಟಿದೀನಿ, ಗೆರೆ ಮುಟ್ಟೋ ಹಾಗೆ ಬರೀಬೇಕು ಅಂತ ನಿಯಮ, ಅಂಕಿ ಮತ್ತೆ ದುಂಡಗಾಗಿದೆ.

ಗಿರಾಕಿಗಳಿಗೆ ಮುಚ್ಚಿಡೋದು ಬಿಟ್ಟೆ. ಈಗೀಗ ನಡುಕಾನೂ ಇದೆ, ಯಾರಾದ್ರೂ ನೋಡ್ತಾ ನಿಂತ್ರೆ ಜಾಸ್ತಿ. "ಅಕ್ಕ, ಕೈ ನಡುಗ್ತಿದೆ" ಅಂತ ಒಬ್ಬಳು ಅಂದಾಗ ಇದ್ದಿದ್ದು ಹೇಳ್ಬಿಟ್ಟೆ. ಐದಾರು ಜನ ಬಿಟ್ಟುಹೋದ್ರು, ಉಳಿದೋರು ಇದಾರೆ.

ಔಷಧಿಗೆ ತಿಂಗಳಿಗೆ ಸುಮಾರು 1,200. ಪಾರ್ಕಿನ್ಸನ್ಸ್ 2016ರ ಅಂಗವಿಕಲರ ಕಾಯ್ದೆ ಪಟ್ಟೀಲಿದೆ, ಯುಡಿಐಡಿ ಕಾರ್ಡಿಗೆ, ಅಂದ್ರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ವಾಂತಿ ಅಂತ ಯಾವ ಕ್ಲಿನಿಕ್‌ಗೆ ಹೋದ್ರೂ ಪಾರ್ಕಿನ್ಸನ್ಸ್ ಇದೆ ಅಂತ ಮೊದಲೇ ಹೇಳಿ. ನಂಗೆ ಒಂದ್ಸಲ ವಾಂತಿಗೆ ಪೆರಿನಾರ್ಮ್ ಅನ್ನೋ ಔಷಧಿ ಕೊಟ್ಟು ಎರಡು ದಿನ ಕೈಕಾಲು ಮರಗಟ್ಟಿದ ಹಾಗಾಗಿತ್ತು, ವಾಂತಿಗೇ ಕೊಡೋ ಡಾಂಪೆರಿಡೋನ್ ನಮಗೆ ಸಾಮಾನ್ಯವಾಗಿ ಆಗುತ್ತೆ, ಪೆರಿನಾರ್ಮ್ ಆಗಲ್ಲ. ಈಗ ಚೀಟಿ ಬರೆದು ಪರ್ಸಲ್ಲಿಟ್ಟಿದೀನಿ.

ಹುಕ್ ಮಾತ್ರ ಇನ್ನೂ ಆಗಲ್ಲ. ಬ್ಲೌಸಿಗೆ ಹತ್ತು ರೂಪಾಯಿ ಕೊಟ್ಟು ಹಾಕಿಸ್ತೀನಿ, ಅದೇ 36ನ 30 ಅಂತ ಓದಿದ ಹುಡುಗಿ ಹತ್ರ.