ಟ್ರಯಲ್ ಶುರುವಾಗೋ ಮೊದಲೇ ಊರಿಗೆ ಹೋದ ಎರಡು ಪುಟ: ನನ್ನ ಅನುಭವ

ಮುಂದೆ ಬರೋ ಟ್ರಯಲ್ (ರೋಗಿಗಳನ್ನು ಸೇರಿಸಿಕೊಂಡು ಔಷಧಿ ಪರೀಕ್ಷಿಸಿ ನೋಡೋ ಸ್ಟಡಿ) ಬಗ್ಗೆ ಹಳ್ಳಿ ಜನಕ್ಕೆ ಎಲ್ಲಾ ಬಿಡಿಸಿ ಹೇಳಿದರೆ ಒಬ್ಬರೂ ಸೇರಲ್ಲ, ಸೇರಿದವರೂ ಓಡಿಹೋಗ್ತಾರೆ ಅಂತ ನನಗೆ ಹೇಳದವರೇ ಇಲ್ಲ. ನಮ್ಮ ಗೈಡ್ ಹೇಳಿದರು, ಪಕ್ಕದ ಡಿಪಾರ್ಟ್‌ಮೆಂಟಿನ ಕೋಆರ್ಡಿನೇಟರ್ ನಕ್ಕರು. ಈಗ ಇಬ್ಬರೂ ನಾನು ಊರಿಗೆ ಒಯ್ದ ಎರಡು ಪುಟದ ಫಾರ್ಮ್ಯಾಟ್ ಕೇಳ್ತಿದ್ದಾರೆ. ಅದಕ್ಕೇ ಬರೆದಿಡ್ತಿದ್ದೇನೆ. ಜಂಬ ಅನ್ನಿಸಿದರೆ ಅನ್ನಿಸಲಿ.

ನಾನು ದಾವಣಗೆರೆಯಲ್ಲಿ ಸ್ಟಡಿ ಕೋಆರ್ಡಿನೇಟರ್, ಅಂದರೆ ಇಂಥ ಸ್ಟಡಿಗಳ ಓಡಾಟ, ಕಾಗದಪತ್ರ ನೋಡಿಕೊಳ್ಳೋಳು. ನಮ್ಮಲ್ಲಿ ಕಂಪನಿ ಟ್ರಯಲ್ ಕಡಿಮೆ. ಜಾಸ್ತಿ ಇರೋದು ಪಿಜಿ ಥೀಸಿಸ್, ಇಲ್ಲಾಂದ್ರೆ ಡಾಕ್ಟರುಗಳೇ ಹಾಕಿಕೊಂಡ ಸ್ಟಡಿ. ಅಂದರೆ ಕೈಯಲ್ಲಿ ಕಾಸಿಲ್ಲ. ನಾನು ಹೇಳ್ತಿರೋದು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಎರಡು ಮುಲಾಮು ಹೋಲಿಸಿ ನೋಡಿದ ಸ್ಟಡಿ. ಡಬಲ್ ಬ್ಲೈಂಡ್ (ಯಾರಿಗೆ ಯಾವ ಮುಲಾಮು ಅಂತ ರೋಗಿಗೂ ಗೊತ್ತಿರಲ್ಲ, ಡಾಕ್ಟ್ರಿಗೂ ಗೊತ್ತಿರಲ್ಲ), ಮೂರು ತಿಂಗಳು, ಮಾಮೂಲಿ ಡ್ರೆಸ್ಸಿಂಗ್ ಎಲ್ಲರಿಗೂ ಇದ್ದೇ ಇದೆ.

ಇದಕ್ಕಿಂತ ಹಿಂದಿನ ಸ್ಟಡಿಯಲ್ಲಿ ಏನಾಗಿತ್ತು ಅಂದರೆ, ಸೋಮವಾರದ ಓಪಿಡಿಯಲ್ಲಿ ಜನ ಸಾಲುಗಟ್ಟಿ ನಿಂತಿರುವಾಗ ಹತ್ತು ಹನ್ನೆರಡು ಪುಟದ ಕನ್ಸೆಂಟ್ ಫಾರ್ಮ್ (ಒಪ್ಪಿಗೆ ಪತ್ರ) ಕೈಗೆ ಕೊಡೋದು, ಅವರು ಒಂದು ಕಣ್ಣು ಟೋಕನ್ ಕಡೆ ಇಟ್ಟುಕೊಂಡೇ ಸಹಿ ಹಾಕೋದು, ಎರಡನೇ ವಿಸಿಟ್‌ಗೆ ಪತ್ತೆಯೇ ಇಲ್ಲ. ಸುಮಾರು ಮೂರನೇ ಒಂದು ಭಾಗ ಜನ ಹಾಗೇ ಕೈಬಿಟ್ಟರು. ಫೋನ್ ಮಾಡಿದರೆ ಮಗ ಎತ್ತಿ, "ನಮ್ಮಪ್ಪನ ಮೇಲೆ ಏನ್ ಪ್ರಯೋಗ ಮಾಡ್ತಿದ್ದೀರಿ ನೀವು?" ಅಂತ ಜಗಳಕ್ಕೇ ಬರೋನು. ಅವನಿಗೆ ಯಾರೂ ಏನೂ ಹೇಳಿರಲಿಲ್ಲವಲ್ಲ.

2018ರ ಏಪ್ರಿಲ್‌ನಿಂದ ಸಿಟಿಆರ್‌ಐ (ದೇಶದ ಟ್ರಯಲ್‌ಗಳನ್ನೆಲ್ಲ ನೋಂದಾಯಿಸೋ ಸರ್ಕಾರಿ ವೆಬ್‌ಸೈಟ್) ನಂಬರ್ ಬರೋವರೆಗೆ ಒಬ್ಬರನ್ನೂ ಸೇರಿಸೋ ಹಾಗಿಲ್ಲ. ನಂಬರ್ ಬಂದ ಮೇಲೂ ಸ್ಟೇಟಸ್ಸು ಕೆಲವು ವಾರ 'ನಾಟ್ ಯೆಟ್ ರಿಕ್ರೂಟಿಂಗ್' (ಇನ್ನೂ ಜನರನ್ನ ಸೇರಿಸಿಕೊಳ್ತಿಲ್ಲ) ಅಂತಲೇ ಇರುತ್ತೆ. ಆಗ ನಾವು ಸಿಆರ್‌ಎಫ್ (ಪ್ರತಿ ರೋಗಿಯ ವಿವರ ತುಂಬೋ ಫಾರ್ಮು) ಪ್ರಿಂಟು, ಟ್ಯೂಬಿನ ಲೇಬಲ್ಲು ಅಂತ ಕಾಲ ಕಳೀತೀವಿ. ನಾನು ಆ ವಾರಗಳನ್ನೇ ಹಿಡಿದೆ. ಓಪಿಡಿಯಲ್ಲಿ ಅಲ್ಲ, ಊರಲ್ಲಿ, ಸಹಿಯ ಮಾತೇ ಎತ್ತದೆ, "ಇಂಥದ್ದೊಂದು ಸ್ಟಡಿ ಬರ್ತಿದೆ, ಮನೆಯಲ್ಲಿ ಕೂತು ಮಾತಾಡಿಕೊಳ್ಳಿ" ಅಂತ ಎರಡು ಪುಟ ಕೊಟ್ಟು ಬರೋದು. ಅಷ್ಟೇ ಐಡಿಯಾ.

ಆ ಎರಡು ಪುಟಕ್ಕೆ ಪಟ್ಟ ಪಾಡು ಮಾತ್ರ ಕೇಳಬೇಡಿ. ಮೊದಲು ಬೆಂಗಳೂರಿನ ಒಂದು ಏಜೆನ್ಸಿಗೆ ಕೊಟ್ಟೆವು. ಕನ್ನಡಕ್ಕೆ ಮಾಡಿ, ವಾಪಸ್ ಇಂಗ್ಲಿಷಿಗೆ ಮಾಡಿ, ಸರ್ಟಿಫಿಕೇಟ್ ಕೊಡೋದಕ್ಕೆ ಎಂಟೊಂಬತ್ತು ಸಾವಿರ ಆಯ್ತು. ನಮ್ಮ ಲಿಫ್ಟಿನ ಅಣ್ಣನಿಗೆ ಜೋರಾಗಿ ಓದೋಕೆ ಹೇಳಿದೆ. ಮೂರನೇ ಸಾಲಿಗೆ ನಿಲ್ಲಿಸಿ, "ಇದು ಕೋರ್ಟಿಂದ ಬಂದಿದ್ದಾ ಮೇಡಂ?" ಅಂದ. ಆ ದುಡ್ಡು ನೀರಲ್ಲಿ ಹೋಮ. ಆಮೇಲೆ ನಾನೇ ಬರೆದೆ, ಅವನಿಗೇ ಓದಿಸಿದೆ, ಅವನು ಎಡವಿದ ಕಡೆಯೆಲ್ಲ ಹೊಡೆದು ಹಾಕಿದೆ.

ನಾವು ಉದ್ದೇಶ, ವಿಧಾನ ಅಂತ ಶುರು ಮಾಡ್ತೀವಿ. ಜನ ಕೇಳೋದು ಬೇರೆ. ದುಡ್ಡು ಎಷ್ಟು ಹೋಗುತ್ತೆ, ಎಷ್ಟು ಸಲ ಬರಬೇಕು, ರಕ್ತ ಎಷ್ಟು ತೆಗೀತಾರೆ, ಏನಾದರೂ ಆದರೆ ಯಾರು ನೋಡ್ತಾರೆ, ಮಧ್ಯ ಬಿಟ್ಟರೆ ಡಾಕ್ಟ್ರು ಸಿಟ್ಟಾಗ್ತಾರಾ. ನಾನು ಇದೇ ಸಾಲಲ್ಲಿ ಬರೆದೆ. ಸ್ಟಡಿಯ ಉದ್ದೇಶ ಎರಡನೇ ಪುಟಕ್ಕೆ ಹೋಯ್ತು. ಸ್ಟಡಿಯಿಂದಲೇ ತೊಂದರೆ ಆದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಇದೆ ಅನ್ನೋದು 2017ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಲ್ಲೇ ಇದೆ. ನಮ್ಮ ಹಳೇ ಫಾರ್ಮಿನಲ್ಲಿ ಅದು ಒಂಬತ್ತನೇ ಪುಟದಲ್ಲಿತ್ತು. ಯಾರು ಓದ್ತಾರೆ?

ರಕ್ತದ್ದು ದೊಡ್ಡ ತಲೆನೋವು. ಹತ್ತು ಎಂಎಲ್ ಅಂದರೆ ಯಾರಿಗೂ ಅಂದಾಜಿಲ್ಲ, ಬಾಟ್ಲಿಗಟ್ಟಲೆ ತೆಗೆದು ಮಾರ್ತಾರೆ ಅಂತ ಗುಲ್ಲು. ಜಗಳೂರು ಕಡೆ ಒಂದು ಜಗಲಿ ಮೇಲೆ ಸ್ಟೀಲ್ ಲೋಟದಲ್ಲಿ ನೀರು ತರಿಸಿ, ಟೀ ಚಮಚದಲ್ಲಿ ಎರಡು ಸಲ ತೆಗೆದು ಖಾಲಿ ಬಟ್ಟಲಿಗೆ ಹಾಕಿದೆ. ಬಟ್ಟಲಿನ ತಳ ಕೂಡ ಮುಚ್ಚಲಿಲ್ಲ. ಅಜ್ಜಿ ಬಗ್ಗಿ ನೋಡಿ, "ಇಷ್ಟಕ್ಕಾ ಇಷ್ಟು ಗಲಾಟೆ?" ಅಂದರು. ಅವತ್ತಿನಿಂದ ಬ್ಯಾಗಲ್ಲಿ ಚಮಚ ಇಲ್ಲದೆ ನಾನು ಹೊರಡಲ್ಲ.

ಬ್ಲೈಂಡಿಂಗ್, ಅಂದರೆ ಈ ಮುಚ್ಚಿಡೋದನ್ನ, ಹೇಳೋದು ಇನ್ನೂ ಕಷ್ಟ. "ಅಲ್ರೀ ಮೇಡಂ, ಡಾಕ್ಟ್ರಿಗೇ ಗೊತ್ತಿಲ್ಲದ ಮುಲಾಮು ನನ್ನ ಕಾಲಿಗ್ಯಾಕೆ?" ಅಂತ ಒಬ್ಬ ಯಜಮಾನರು ನೇರ ಕೇಳಿದರು. ನ್ಯಾಯವಾದ ಪ್ರಶ್ನೆ. ಯಾರಿಗೆ ಯಾವ ಮುಲಾಮು ಅಂತ ಕಂಪ್ಯೂಟರ್ ಆರಿಸುತ್ತೆ ಅಂದರೆ ಅನುಮಾನ ಜಾಸ್ತಿಯಾಗುತ್ತೆ, ಅದು ಗೊತ್ತಾಗಿತ್ತು. "ಯಾವುದು ಅಂತ ಗೊತ್ತಿದ್ದರೆ ಡಾಕ್ಟ್ರು ತಮಗೆ ಇಷ್ಟವಾದ ಮುಲಾಮಿನ ಹುಣ್ಣೇ ಬೇಗ ಮಾಯ್ತು ಅಂತ ಬರೆದುಬಿಡಬಹುದು ಯಜಮಾನ್ರೇ, ಅದಕ್ಕೇ ಅವರಿಂದಲೂ ಮುಚ್ಚಿಟ್ಟಿರೋದು. ತುರ್ತು ಬಂದರೆ ಕವರ್ ಒಡೆದು ನೋಡ್ತಾರೆ" ಅಂದೆ. ಡಾಕ್ಟ್ರನ್ನೂ ನಂಬದ ವ್ಯವಸ್ಥೆ ಅಂತ ಗೊತ್ತಾದ ಮೇಲೆ ಅವರಿಗೆ ನಂಬಿಕೆ ಬಂತು!

ಕೊನೆಗೆ ನಾನು ಕೇಳೋ ಒಂದು ಪ್ರಶ್ನೆ ಇದೆ. ಅದರ ಉತ್ತರದಲ್ಲೇ ಇವರು ಮೂರು ತಿಂಗಳು ಬರ್ತಾರಾ ಇಲ್ವಾ ಅಂತ ನನಗೆ ಗೊತ್ತಾಗುತ್ತೆ. ಅದನ್ನ ಇಲ್ಲಿ ಬರೆಯಲ್ಲ.

ಮಧ್ಯ ಏನೇನೋ ಮಾಡಿ ನೋಡಿದೆ. ವಾಟ್ಸಾಪ್ ಆಡಿಯೊ ಮಾಡಿದೆ, ಅದು ಊರೂರು ಸುತ್ತಿ 'ಪುಕ್ಕಟೆ ಮುಲಾಮು' ಆಗಿ, ಮಂಡಿ ನೋವಿನವರೆಲ್ಲ ಬಂದು ನಿಂತರು. ನಿಲ್ಲಿಸಿದೆ. ಹೊನ್ನಾಳಿ ಕಡೆಯ ತಾಂಡಾಗಳಿಗೆ ಅಂತ ಆ ಎರಡು ಪುಟವನ್ನ ಲಂಬಾಣಿಯಲ್ಲೂ ಮಾಡಿಸಿದೆ. ಕನ್ನಡ ಲಿಪಿಯಲ್ಲೇ ಬರೆಸಿದೆವು, ಕೇಳಿದವರಿಗೆ ಖುಷಿಯೋ ಖುಷಿ. ಆದರೆ ಬ್ಯಾಕ್ ಟ್ರಾನ್ಸ್‌ಲೇಷನ್ ಮಾಡಿ ಸಹಿ ಹಾಕೋರು ಸಿಗದೆ ಇಸಿಯಲ್ಲಿ (ಸ್ಟಡಿಗಳಿಗೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿ) ಕೂತುಬಿಟ್ಟಿದೆ. ಮುಂದಿನ ಸ್ಟಡಿಯಲ್ಲಿ ಮಾತ್ರ ಮಾಡಿಸದೆ ಬಿಡಲ್ಲ.

ಖರ್ಚು ಹೇಳ್ತೀನಿ. ಎರಡು ಪುಟದ ಜೆರಾಕ್ಸಿಗೆ ಒಂದೂವರೆ ಸಾವಿರದ ಹತ್ತಿರ, ಬಸ್ಸು ಆಟೋ ಸೇರಿ ಆರೇಳು ಸಾವಿರ. ಅರ್ಧ ಗೈಡ್ ಕೊಟ್ಟರು, ಉಳಿದದ್ದು ನನ್ನ ಜೇಬಿಂದ, ಇನ್ನೂ ವಾಪಸ್ ಬಂದಿಲ್ಲ. ಸೇರಿದವರ ಬಸ್ ಚಾರ್ಜು, ಒಂದು ದಿನದ ಕೂಲಿ ಕೊಡೋದನ್ನ ಪ್ರೋಟೋಕಾಲಲ್ಲೇ (ಸ್ಟಡಿ ಹೇಗೆ ಮಾಡ್ತೀವಿ ಅಂತ ಮೊದಲೇ ಬರೆದಿಡೋ ಯೋಜನೆ) ಬರೆಸಿ, ಇಲ್ಲಾಂದ್ರೆ ಆಮೇಲೆ ಅಕೌಂಟ್ಸ್‌ನವರು ಬಿಡಿಗಾಸೂ ಬಿಚ್ಚಲ್ಲ.

ಊರಲ್ಲಿ ಎಲ್ಲಾ ಕೇಳಿಸಿಕೊಂಡ ಮೇಲೆ ಸುಮಾರು ಅರ್ಧ ಜನ ಬೇಡ ಅಂದರು. ಸರಿ, ಅದು ಅವರ ಇಷ್ಟ. ಒಪ್ಪಿ ಬಂದವರಲ್ಲಿ ಮಧ್ಯ ಬಿಟ್ಟವರು ಹತ್ತಕ್ಕೆ ಒಬ್ಬರೂ ಇಲ್ಲ. ಅದರಲ್ಲೂ ಜಾಸ್ತಿ ಮಂದಿ ಮೆಕ್ಕೆಜೋಳ ಮುರಿಯೋ ಹೊತ್ತಲ್ಲಿ ತಪ್ಪಿಸಿಕೊಂಡವರು. ವಿಸಿಟ್ ವಿಂಡೋ (ಹೇಳಿದ ದಿನಕ್ಕಿಂತ ಹಿಂದೆ ಮುಂದೆ ಬರೋಕೆ ಕೊಡೋ ಅವಕಾಶ) ಮೂರು ದಿನ ಇಟ್ಟಿದ್ದೆವು, ಈ ಸಲ ಒಂದು ವಾರ ಮಾಡ್ತಿದ್ದೇವೆ.

ಚಿತ್ರದುರ್ಗ ಕಡೆಯವರು ಫಾರ್ಮ್ಯಾಟ್ ಬೇಕು ಅಂತಿದ್ದಾರೆ, ಕೊಡ್ತೀನಿ. ಎರಡು ಷರತ್ತು. ಊರಿಗೆ ಒಯ್ಯೋ ಆ ಎರಡು ಪುಟಕ್ಕೂ ಮೊದಲು ಇಸಿ ಒಪ್ಪಿಗೆ ತಗೊಳ್ಳಿ. ಮತ್ತೆ ಹೆಬ್ಬೆಟ್ಟು ಒತ್ತೋರಿಗೆ ಸಾಕ್ಷಿ ಬೇಕಾದಾಗ ವಾರ್ಡಿನ ಸಿಸ್ಟರನ್ನ ಎಳೆದು ತರಬೇಡಿ. ನಾನು ಕ್ಯಾಂಟೀನಿನವರನ್ನ ಕೂರಿಸ್ತೀನಿ. ಸ್ಟಡಿಗೂ ಅವರಿಗೂ ಸಂಬಂಧ ಇಲ್ಲ, ಓದೋಕೆ ಬರುತ್ತೆ, ಅರ್ಥ ಆಗದಿದ್ದರೆ ನನ್ನನ್ನೇ ಬೈತಾರೆ.